ಓಡುವುದು ಶೂ ಅಲ್ಲ, ಕಾಲು

ಹೊಸ ವರ್ಷದ ಮೊದಲ ವಾರದಲ್ಲಿ ಇಂಗ್ಲೆಂಡಿನ ಯಾವ ಊರಿನ ಉದ್ಯಾನಕ್ಕೆ ಹೋದರೂ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಬೆಳಗಿನ ಮಂಜಿನಲ್ಲಿ, ಅಂಗಡಿಯ ಹೊಳಪು ಇನ್ನೂ ಮಾಸದ ಶೂಗಳನ್ನು ಮೆಟ್ಟಿ, ಬಾಯಿಂದ ಹಬೆ ಬಿಡುತ್ತ ಜನ ಓಡುತ್ತಿರುತ್ತಾರೆ. ಕ್ರಿಸ್‌ಮಸ್ ಭೋಜನಗಳ ನಂತರ ಕೈಗೊಂಡ ಸಂಕಲ್ಪವದು. ಮಾರ್ಚ್ ಬರುವ ವೇಳೆಗೆ ಹಗಲು ಹಿಗ್ಗಿರುತ್ತದೆ, ಹುಲ್ಲಿನ ನಡುವೆ ಹಳದಿ ಡ್ಯಾಫೊಡಿಲ್ ಹೂಗಳು ಅರಳಿರುತ್ತವೆ. ಓಡುವವರ ಗುಂಪು ಮಾತ್ರ ತೆಳುವಾಗಿರುತ್ತದೆ. ನಮ್ಮ ಹಿರಿಯರು ಇದಕ್ಕೆ ‘ಆರಂಭಶೂರತ್ವ’ ಎಂಬ ಸೊಗಸಾದ ಹೆಸರನ್ನು ಎಂದೋ ಇಟ್ಟಿದ್ದಾರೆ.

ಲೀಡ್ಸ್ ನಗರದಲ್ಲಿ ವೈದ್ಯವೃತ್ತಿಯಲ್ಲಿರುವ ನನ್ನನ್ನು ಯುಗಾದಿ, ದೀಪಾವಳಿಗಳ ಕೂಟದಲ್ಲಿ ಕನ್ನಡದ ಗೆಳೆಯರು ಊಟದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿರುವಾಗಲೇ ಕೇಳುವುದುಂಟು: ‘ಡಾಕ್ಟ್ರೇ, ಓಟ ಶುರು ಮಾಡಬೇಕು ಅಂದುಕೊಂಡಿದ್ದೇನೆ. ಯಾವ ಶೂ ತೆಗೆದುಕೊಳ್ಳಲಿ?’ ಶುರು ಮಾಡಿದ್ದನ್ನು ಬಿಡದೆ ಉಳಿಸಿಕೊಳ್ಳುವುದು ಹೇಗೆ ಎಂದು ಕೇಳುವವರು ಅಪರೂಪ. ಹನ್ನೆರಡು ವರ್ಷಗಳಿಂದ ವಾರಕ್ಕೆ ಮೂರು ದಿನ ನಿಧಾನವಾಗಿ ಓಡುತ್ತ ಬಂದಿರುವ ನನಗೆ ಈ ಎರಡನೆಯ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ. ಮೊದಲನೆಯದರ ಉತ್ತರ ಜನರು ಭಾವಿಸಿರುವುದಕ್ಕಿಂತ ಬಹಳ ಸುಲಭ. ಎರಡನೆಯದರ ಉತ್ತರ ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ.

ನಮ್ಮ ರಕ್ತದ ಲೆಕ್ಕ

ಓಟ ಇಲ್ಲಿನವರಿಗೆ ಹವ್ಯಾಸವಾಗಿರಬಹುದು. ದಕ್ಷಿಣ ಏಷ್ಯಾದಿಂದ ಬಂದ ನಮಗೆ ಅದು ಹವ್ಯಾಸಕ್ಕಿಂತ ಹೆಚ್ಚಿನದು. ಬ್ರಿಟನ್ನಿನಲ್ಲಿ ನೆಲೆಸಿರುವ ದಕ್ಷಿಣ ಏಷ್ಯಾ ಮೂಲದವರಿಗೆ ಎರಡನೆಯ ಬಗೆಯ ಮಧುಮೇಹ ಬರುವ ಸಾಧ್ಯತೆ ಬಿಳಿಯರಿಗಿಂತ ಎರಡರಿಂದ ನಾಲ್ಕು ಪಟ್ಟು ಹೆಚ್ಚು. ಅದು ಬರುವುದೂ ಚಿಕ್ಕ ವಯಸ್ಸಿನಲ್ಲಿ, ಕಡಿಮೆ ತೂಕದಲ್ಲಿ. ಆದ್ದರಿಂದಲೇ ಇಲ್ಲಿನ ವೈದ್ಯಕೀಯ ಮಾರ್ಗಸೂಚಿಗಳು ನಮಗೆ ಬೇರೆಯದೇ ಅಳತೆಗೋಲು ಇಟ್ಟಿವೆ. ದೇಹತೂಕದ ಸೂಚ್ಯಂಕ 25 ದಾಟಿದಾಗ ಬಿಳಿಯರಿಗೆ ಕೊಡುವ ಎಚ್ಚರಿಕೆಯನ್ನು ನಮಗೆ 23ರಲ್ಲಿಯೇ ಕೊಡಬೇಕು. ಅವರಿಗೆ 30 ಎಂಬ ಗಡಿ ನಮಗೆ 27.5. ಕನ್ನಡಿಯ ಮುಂದೆ ಸಪೂರವಾಗಿ ಕಾಣುವ, ಸಣ್ಣದೊಂದು ಹೊಟ್ಟೆಯನ್ನಷ್ಟೇ ಹೊತ್ತ ನಮ್ಮ ನಲವತ್ತರ ಇಂಜಿನಿಯರ್ ಈ ಲೆಕ್ಕದಲ್ಲಿ ಅಪಾಯದ ಅಂಚಿನಲ್ಲಿರಬಹುದು.

ಇದಕ್ಕೆ ವಲಸೆಯ ಬದುಕು ತನ್ನ ಪಾಲು ಸೇರಿಸುತ್ತದೆ. ಮನೆಯಿಂದ ಕಾರು, ಕಾರಿನಿಂದ ಕುರ್ಚಿ, ಕುರ್ಚಿಯಿಂದ ಮತ್ತೆ ಕಾರು. ಡಿಸೆಂಬರಿನಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ಬೆಳಗ್ಗೆ ಎಂಟು ಗಂಟೆ ದಾಟಿದ ಮೇಲೆ ಸೂರ್ಯ ಹುಟ್ಟುತ್ತಾನೆ, ಮಧ್ಯಾಹ್ನ ನಾಲ್ಕಕ್ಕೆ ಮುಂಚೆಯೇ ಮುಳುಗುತ್ತಾನೆ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವವನಿಗೆ ತಟ್ಟೆಯಲ್ಲಿನ ಅನ್ನವೇ ಬೆಚ್ಚನೆಯ ಸಂಗಾತಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷಗಳ ತೀವ್ರ ಶ್ರಮ ಬೇಕು. ಬಿರುಸಿನ ನಡಿಗೆ ಮೊದಲನೆಯದಕ್ಕೂ ಓಟ ಎರಡನೆಯದಕ್ಕೂ ಸೇರುತ್ತವೆ. ಹಾಗಾಗಿ ವಾರಕ್ಕೆ 25 ನಿಮಿಷಗಳ ಮೂರು ಓಟಗಳಿಂದ ಕನಿಷ್ಠ ಲೆಕ್ಕ ಚುಕ್ತಾ ಆಗುತ್ತದೆ. ಬಿಡುವಿಲ್ಲದವರಿಗೆ ಇದಕ್ಕಿಂತ ಅಗ್ಗದ ಔಷಧ ನನಗೆ ತಿಳಿದಿಲ್ಲ.

‘ಮಂಡಿ ಸವೆದು ಹೋದೀತು ಮಗಾ’

ಮಗ ಅಥವಾ ಮಗಳು ಓಡುತ್ತಿದ್ದಾರೆಂದು ತಿಳಿದ ಕೂಡಲೇ ಊರಿನಿಂದ ಬರುವ ಮೊದಲ ಫೋನು ಮಂಡಿಯ ಬಗ್ಗೆ. ತಾಯಂದಿರ ಈ ಆತಂಕಕ್ಕೆ ಗೌರವದಿಂದಲೇ ಉತ್ತರಿಸಬೇಕು. 2017ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರಲ್ಲಿ ಸೊಂಟ ಹಾಗೂ ಮಂಡಿಗಳ ಸಂಧಿಸವೆತ ಕಂಡುಬಂದದ್ದು ಹವ್ಯಾಸಿ ಓಟಗಾರರಲ್ಲಿ ಶೇ. 3.5ರಷ್ಟು ಜನರಲ್ಲಿ, ಓಡದೆ ಕುಳಿತವರಲ್ಲಿ ಶೇ. 10.2, ಸ್ಪರ್ಧೆಗಾಗಿ ವಿಪರೀತ ಓಡುವವರಲ್ಲಿ ಶೇ. 13.3. ಮೃದ್ವಸ್ಥಿಯೆಂಬುದು ಟೈರಿನ ರಬ್ಬರಿನಂತೆ ಸವೆಯುತ್ತ ಹೋಗುವ ಜಡವಸ್ತುವಲ್ಲ. ಹಿತಮಿತವಾದ ಭಾರ ಬಿದ್ದು ಬಿಟ್ಟಾಗಲೆಲ್ಲ ಸಂಧಿದ್ರವ ಅದರೊಳಗೆ ಹೋಗಿ ಬಂದು ಪೋಷಣೆ ಒದಗಿಸುತ್ತದೆ. ‘ಅತಿ’ ಎಂಬುದು ಎಲ್ಲೆಡೆಯಂತೆ ಇಲ್ಲಿಯೂ ವರ್ಜ್ಯ, ಅಷ್ಟೇ.

ಹೃದಯದ ವಿಷಯಕ್ಕೆ ಬಂದರೆ, 55 ಸಾವಿರಕ್ಕೂ ಹೆಚ್ಚು ಅಮೆರಿಕನ್ನರನ್ನು ಸರಾಸರಿ 15 ವರ್ಷ ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓಡುವವರು ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ ಸಾಯುವ ಸಾಧ್ಯತೆ ಓಡದವರಿಗಿಂತ ಶೇ. 45ರಷ್ಟು ಕಡಿಮೆಯಿತ್ತು. ದಿನಕ್ಕೆ ಐದರಿಂದ ಹತ್ತು ನಿಮಿಷ, ಅದೂ ನಿಧಾನವಾಗಿ ಓಡುವವರಲ್ಲಿಯೂ ಲಾಭ ಕಂಡುಬಂದಿತ್ತು. ಓಡುವವರ ಇತರ ಒಳ್ಳೆಯ ಅಭ್ಯಾಸಗಳೂ ಈ ಅಂಕಿಯೊಳಗೆ ಸೇರಿಕೊಂಡಿರಬಹುದು. ಆದರೂ ದಿಕ್ಕು ಸ್ಪಷ್ಟವಾಗಿದೆ.

ಹಾಗೆಂದು ಎಲ್ಲರೂ ನಾಳೆಯೇ ಓಡಬಹುದೆಂದು ನಾನು ಹೇಳುತ್ತಿಲ್ಲ. ಶ್ರಮಪಟ್ಟಾಗ ಎದೆ ಹಿಡಿದಂತಾಗುವುದು, ತಲೆ ತಿರುಗಿ ಕಣ್ಣು ಕತ್ತಲೆ ಬರುವುದು, ಅಸಹಜವಾದ ಏದುಸಿರು, ಮನೆಯಲ್ಲಿ ಯಾರಾದರೂ ಎಳೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡ ಇತಿಹಾಸ, ಇವುಗಳಲ್ಲಿ ಒಂದಿದ್ದರೂ ಮೊದಲು ವೈದ್ಯರನ್ನು ಕಾಣಬೇಕು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆಯನ್ನು ತೀರಾ ಇಳಿಸಬಲ್ಲ ಮಾತ್ರೆಗಳನ್ನು ತೆಗೆದುಕೊಳ್ಳುವವರೂ ಓಟಕ್ಕೆ ಮುನ್ನ ಸಲಹೆ ಪಡೆಯಬೇಕು. ಇಂಗ್ಲೆಂಡಿನಲ್ಲಿ 40ರಿಂದ 74 ವರ್ಷದೊಳಗಿನ, ಈಗಾಗಲೇ ಕಾಯಿಲೆ ಗುರುತಿಸಲ್ಪಡದವರಿಗೆ ಐದು ವರ್ಷಕ್ಕೊಮ್ಮೆ ಎನ್‌ಎಚ್‌ಎಸ್ ಉಚಿತ ಆರೋಗ್ಯ ತಪಾಸಣೆ ನೀಡುತ್ತದೆ. ಅದರ ಪತ್ರ ಬಂದಾಗ ‘ಆಮೇಲೆ ನೋಡೋಣ’ ಎಂದು ಫ್ರಿಜ್ಜಿನ ಮೇಲಿಡದೆ ಹೋಗಿ ಬರುವುದು ಒಳಿತು.

ಹುರುಪಿಗೆ ನಿಗದಿತ ವೇಳೆ ಬೇಕು

ಹುರುಪು ಬಂದಾಗ ಓಡುತ್ತೇನೆ ಎನ್ನುವವನು ಹೆಚ್ಚು ದಿನ ಓಡಲಾರ. ಹುರುಪು ಅತಿಥಿಯಿದ್ದಂತೆ, ಕರೆದಾಗ ಬರುವುದಿಲ್ಲ, ಬಂದರೆ ನಿಲ್ಲುವುದಿಲ್ಲ. ಅಭ್ಯಾಸ ಮನೆಯವರಿದ್ದಂತೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ನಡವಳಿಕೆಯೊಂದು ಯೋಚಿಸದೆಯೇ ನಡೆಯುವ ಅಭ್ಯಾಸವಾಗಲು ಸುಮಾರು 66 ದಿನಗಳು ಹಿಡಿದಿದ್ದವು. ಕೆಲವರಿಗೆ 18 ದಿನ ಸಾಕಾದರೆ ಮತ್ತೆ ಕೆಲವರಿಗೆ 254 ದಿನಗಳು ಬೇಕಾಗುವ ಅಂದಾಜಿತ್ತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡುವುದಿಲ್ಲ ಎಂಬುದೂ ಅದರ ಇನ್ನೊಂದು ಸಮಾಧಾನದ ಮಾತು. ಮೂರನೆಯ ವಾರ ಬೇಸರ ಬಂದರೆ ಅದು ನಿಮ್ಮ ದೌರ್ಬಲ್ಯವಲ್ಲ, ದಾರಿ ಇನ್ನೂ ಅರ್ಧವೂ ಸವೆದಿಲ್ಲ ಎಂದಷ್ಟೇ ಅರ್ಥ.

ಆರಂಭಿಸುವವರ ದೊಡ್ಡ ತೊಂದರೆ ವೇಗ. ಶಾಲೆಯ ಕ್ರೀಡಾದಿನದ ನೂರು ಮೀಟರ್ ಓಟವೇ ನಮ್ಮಲ್ಲಿ ಅನೇಕರಿಗೆ ಓಟದ ಏಕೈಕ ನೆನಪು. ಆ ರಭಸದಲ್ಲಿ ಹೊರಟು ಎರಡನೆಯ ನಿಮಿಷಕ್ಕೆ ಪಕ್ಕೆ ಹಿಡಿದು ನಿಂತು, ‘ಇದು ನನ್ನ ಕೈಲಾಗುವುದಲ್ಲ’ ಎಂದು ತೀರ್ಮಾನಿಸುತ್ತೇವೆ. ಸರಿಯಾದ ವೇಗಕ್ಕೆ ಯಾವ ಗಡಿಯಾರವೂ ಬೇಡ. ಪಕ್ಕದವರೊಡನೆ ಪೂರ್ಣ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾಗುತ್ತಿದ್ದರೆ ಅದೇ ನಿಮ್ಮ ವೇಗ. ಒಂದೊಂದೇ ಶಬ್ದ ಹೊರಡುತ್ತಿದ್ದರೆ ನಿಧಾನಿಸಬೇಕು. ಎನ್‌ಎಚ್‌ಎಸ್‌ನ ‘ಕೌಚ್ ಟು 5ಕೆ’ ಎಂಬ ಉಚಿತ ಆ್ಯಪ್ ಇದೇ ತತ್ತ್ವದ ಮೇಲೆ ನಿಂತಿದೆ. ಸೋಫಾದಿಂದೆದ್ದವರನ್ನು ಒಂಬತ್ತು ವಾರಗಳಲ್ಲಿ ಬಿಡದೆ ಅರ್ಧ ಗಂಟೆ ಓಡುವ ಮಟ್ಟಕ್ಕೆ ತರುವುದು ಅದರ ಗುರಿ. ಮೊದಲ ವಾರ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಹೀಗೆ ಎಂಟು ಸಲ. ವಾರಕ್ಕೆ ಮೂರು ದಿನ, ನಡುವೆ ವಿಶ್ರಾಂತಿ. ಒಂಬತ್ತು ವಾರವೆಂಬುದು ಪಂಚಾಂಗದ ಕಟ್ಟಳೆಯಲ್ಲ. ಅದನ್ನು ಹದಿನೆಂಟು ವಾರಕ್ಕೆ ಹಿಗ್ಗಿಸಿಕೊಂಡವರೂ ಕೊನೆಗೆ ಓಡುತ್ತಾರೆ.

ವೇಳೆ ಮತ್ತು ಸಂಗ, ಇವೆರಡನ್ನು ಒಟ್ಟಿಗೆ ಒದಗಿಸುವ ಒಂದು ವ್ಯವಸ್ಥೆ ಈ ದೇಶದಲ್ಲಿದೆ. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಷಿ ಪಾರ್ಕಿನಲ್ಲಿ, ಗಾಯದಿಂದಾಗಿ ಓಡಲಾಗದೆ ಮನೆಯಲ್ಲಿ ಕುಳಿತಿದ್ದ ಪಾಲ್ ಸಿಂಟನ್-ಹೆವಿಟ್ ಎಂಬಾತ ಗೆಳೆಯರನ್ನು ಕಾಣುವ ನೆಪಕ್ಕಾಗಿ ಐದು ಕಿಲೋಮೀಟರ್ ಓಟವೊಂದನ್ನು ಏರ್ಪಡಿಸಿದ. ಅಂದು ಓಡಿದವರು 13 ಜನ. ಇಂದು ‘ಪಾರ್ಕ್‌ರನ್’ ಎಂಬ ಹೆಸರಿನಲ್ಲಿ ಅದು ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ನಡೆಯುತ್ತಿದೆ. ಇಂಗ್ಲೆಂಡಿನಲ್ಲಿ ಪ್ರತಿ ಶನಿವಾರ ಬೆಳಗ್ಗೆ ಒಂಬತ್ತಕ್ಕೆ. ಶುಲ್ಕವಿಲ್ಲ, ಬಹುಮಾನವಿಲ್ಲ, ಒಮ್ಮೆ ಹೆಸರು ನೋಂದಾಯಿಸಿ ಬಾರ್‌ಕೋಡ್ ಪಡೆದರೆ ಜೀವಮಾನಕ್ಕೆ ಸಾಕು. ನಡೆಸುವವರೆಲ್ಲ ಸ್ವಯಂಸೇವಕರು. ಅವರಲ್ಲಿ ಒಬ್ಬರು ‘ಟೇಲ್ ವಾಕರ್’. ಎಲ್ಲರಿಗಿಂತ ಹಿಂದೆ ಬರುವುದೇ ಅವರ ಕೆಲಸ. ಹೀಗಾಗಿ ಇಲ್ಲಿ ಯಾರೂ ಕೊನೆಯವರಾಗುವುದಿಲ್ಲ. 2018ರಿಂದ ಇಲ್ಲಿನ ಕುಟುಂಬ ವೈದ್ಯರ ರಾಯಲ್ ಕಾಲೇಜು ಪಾರ್ಕ್‌ರನ್‌ನೊಡನೆ ಕೈಜೋಡಿಸಿದ್ದು, ಚಿಕಿತ್ಸಾಲಯಗಳು ರೋಗಿಗಳಿಗೆ ಇದನ್ನು ಸೂಚಿಸುತ್ತಿವೆ.

ಹಿಂದೆ ಇನ್ನೊಬ್ಬರಿದ್ದರು

ಶಿವಮೊಗ್ಗದ ಕಡೆಯ ಹೆಣ್ಣುಮಗಳೊಬ್ಬರ ಮಾತನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಹೇಳುತ್ತೇನೆ, ಹೆಸರು ಬೇಡವೆಂದಿದ್ದಾರೆ. ಗಂಡನ ಕೆಲಸದ ಮೇಲೆ ಲೀಡ್ಸ್‌ಗೆ ಬಂದವರು. ಮಗುವನ್ನು ಶಾಲೆಗೆ ಬಿಟ್ಟ ಮೇಲೆ ಸಂಜೆಯವರೆಗೆ ಮಾತನಾಡಲು ಜನವಿರಲಿಲ್ಲ. ಊರಿನಲ್ಲಿ ತಂದೆ ಮಧುಮೇಹದಿಂದ ಮೂತ್ರಪಿಂಡ ಕಳೆದುಕೊಂಡು ವಾರಕ್ಕೆ ಎರಡು ಬಾರಿ ಡಯಾಲಿಸಿಸ್‌ಗೆ ಹೋಗುತ್ತಿದ್ದರು. ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತ ಅಪ್ಪನ ಮುಖವನ್ನು ಮಗಳು ಫೋನಿನ ಪರದೆಯಲ್ಲಿ ನೋಡುತ್ತಿದ್ದರು. ಅದೇ ಸಮಯದಲ್ಲಿ ಅವರ ರಕ್ತಪರೀಕ್ಷೆಯೂ ಆಯಿತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಎಚ್‌ಬಿಎ1ಸಿ ಇಲ್ಲಿನ ಅಳತೆಯಲ್ಲಿ 44. 48 ಮುಟ್ಟಿದರೆ ಮಧುಮೇಹ. 42ರಿಂದ 47 ಎಂದರೆ ಅದರ ಹೊಸ್ತಿಲು. ಊರಿನ ಲೆಕ್ಕದಲ್ಲಿ ಹೇಳುವುದಾದರೆ ಶೇ. 6ರಿಂದ 6.4. ಆಗ ಅವರಿಗೆ ಮೂವತ್ತಾರು ವರ್ಷ.

ಓಡಿ ಎಂದರೆ ಅವರು ಒಪ್ಪಲಿಲ್ಲ. ‘ಎಲ್ಲರೂ ನೋಡುವಾಗ ಓಡುವುದು ಹೇಗೆ ಡಾಕ್ಟ್ರೇ?’ ಎಂದರು. ಓಡುವುದು ಬೇಡ, ನಿಂತು ಚಪ್ಪಾಳೆ ತಟ್ಟಿ ಬನ್ನಿ ಎಂದೆ. ಆರು ಶನಿವಾರ ಅವರು ಸ್ವಯಂಸೇವಕಿಯಾಗಿ ಬಾರ್‌ಕೋಡ್ ಸ್ಕ್ಯಾನ್ ಮಾಡಿದರು. ಎಪ್ಪತ್ತರ ಅಜ್ಜಂದಿರು, ಮಗುವಿನ ಗಾಡಿ ತಳ್ಳುತ್ತ ಓಡುವ ತಾಯಂದಿರು, ತಮಗಿಂತ ದಪ್ಪಗಿನವರು, ಎಲ್ಲರೂ ಬೆವರಿ ನಗುತ್ತ ಎದುರಿಗೆ ಬಂದು ನಿಲ್ಲುತ್ತಿದ್ದರು. ಏಳನೆಯ ಶನಿವಾರ ಅವರೇ ನಡೆದರು. ಬೇಸಿಗೆಯ ಹೊತ್ತಿಗೆ ಓಡುತ್ತಿದ್ದರು. ಆಗ ಊರಿನಿಂದ ಬಂದಿದ್ದ ಅತ್ತೆಯವರೂ ಒಂದು ದಿನ ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಸೊಸೆಯ ಹಳೆಯ ಶೂ ಹಾಕಿಕೊಂಡು ಐದು ಕಿಲೋಮೀಟರ್ ನಡೆದೇಬಿಟ್ಟರು. ಮುಕ್ತಾಯದ ಗೆರೆಯಲ್ಲಿ ಚಪ್ಪಾಳೆಯ ನಡುವೆ ಅವರು ಸೊಸೆಗೆ ಹೇಳಿದ್ದು: ‘ನಾನು ಕಡೆಯವಳಲ್ಲ ಮಾರಾಯ್ತಿ, ನನ್ನ ಹಿಂದೆ ಇನ್ನೊಬ್ಬರಿದ್ದರು!’

ವರ್ಷದ ನಂತರ ಸೊಸೆಯ ಸಕ್ಕರೆಯ ಅಂಕಿ 40ಕ್ಕೆ ಇಳಿದಿತ್ತು. ಅನ್ನದ ಪ್ರಮಾಣ ತಗ್ಗಿಸಿದ್ದೂ ಅದಕ್ಕೆ ಕಾರಣ. ಎಲ್ಲರಿಗೂ ಹೀಗೆಯೇ ಆಗುತ್ತದೆಂದು ವೈದ್ಯನಾದ ನಾನು ಹೇಳಲಾರೆ. ಆದರೆ ಅವರನ್ನು ಮೈದಾನಕ್ಕೆ ಎಳೆದು ತಂದದ್ದು ಶೂ ಅಲ್ಲ, ಛಲವೂ ಅಲ್ಲ. ಶನಿವಾರ ಒಂಬತ್ತು ಗಂಟೆಗೆ ತಮಗಾಗಿ ಕಾಯುವವರಿದ್ದಾರೆ ಎಂಬ ತಿಳಿವು.

ಇನ್ನೊಬ್ಬರಿಗಾಗಿ ಓಡುವುದರಲ್ಲಿ ಎಂಥ ಬಲವಿದೆ ಎಂಬುದನ್ನು ಈ ಊರು ಕಣ್ಣಾರೆ ಕಂಡಿದೆ. ಲೀಡ್ಸ್ ರೈನೋಸ್ ತಂಡದ ರಗ್ಬಿ ಆಟಗಾರ ರಾಬ್ ಬರೋ ಅವರಿಗೆ 2019ರ ಡಿಸೆಂಬರಿನಲ್ಲಿ ಮೋಟಾರ್ ನ್ಯೂರಾನ್ ಕಾಯಿಲೆ ಇರುವುದು ಗೊತ್ತಾಯಿತು. ಸ್ನಾಯುಗಳನ್ನು ಆಳುವ ನರಗಳು ಒಂದೊಂದಾಗಿ ಸಾಯುವ, ಮದ್ದಿಲ್ಲದ ರೋಗವದು. ಅವರ ತಂಡದ ನಾಯಕನಾಗಿದ್ದ ಗೆಳೆಯ ಕೆವಿನ್ ಸಿನ್‌ಫೀಲ್ಡ್ ಮರುವರ್ಷದ ಡಿಸೆಂಬರಿನಲ್ಲಿ, ರಾಬ್ ಅವರ ಅಂಗಿಯ ಸಂಖ್ಯೆ 7 ಆಗಿತ್ತೆಂಬ ಕಾರಣಕ್ಕೆ, ಏಳು ದಿನಗಳಲ್ಲಿ ಏಳು ಮ್ಯಾರಥಾನ್ ಓಡಿ ಆ ರೋಗಿಗಳ ನೆರವಿಗೆ ಹಣ ಕೂಡಿಸಿದರು. 2023ರ ಮೇ 14ರಂದು ರಾಬ್ ಹೆಸರಿನಲ್ಲಿ ನಡೆದ ಮೊದಲ ಲೀಡ್ಸ್ ಮ್ಯಾರಥಾನಿನಲ್ಲಿ ಕೆವಿನ್ ಗೆಳೆಯನನ್ನು ಗಾಲಿಕುರ್ಚಿಯಲ್ಲಿ ತಳ್ಳುತ್ತ 42 ಕಿಲೋಮೀಟರ್ ಓಡಿ, ಕೊನೆಯ ಗೆರೆಯ ಮುನ್ನ ಅವರನ್ನು ಎತ್ತಿಕೊಂಡು ದಾಟಿದರು. ರಾಬ್ 2024ರ ಜೂನ್ 2ರಂದು ತೀರಿಕೊಂಡರು. ಆ ದಿನ ಕೆವಿನ್ ಕಾಲಿನಲ್ಲಿ ಯಾವ ಶೂ ಇತ್ತೆಂದು ಈ ಊರಿನಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಶೂ ಎಂಬ ಸರಳ ಸಂಗತಿ

ಈಗ ಮೊದಲ ಪ್ರಶ್ನೆಗೆ ಬರೋಣ. 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಇಥಿಯೋಪಿಯದ ಅಬೆಬೆ ಬಿಕಿಲ ಬರಿಗಾಲಿನಲ್ಲಿ ಓಡಿ ಗೆದ್ದರು. ನಾಲ್ಕು ವರ್ಷಗಳ ನಂತರ ಟೋಕಿಯೋದಲ್ಲಿ ಶೂ ಮೆಟ್ಟಿ ಓಡಿ ಮತ್ತೆ ಗೆದ್ದರು. ಓಡುವುದು ಕಾಲೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಬರಿಗಾಲಿನ ಬಿಕಿಲ ಆಗಲು ಬಾಲ್ಯದಿಂದ ಗಟ್ಟಿಯಾದ ಅಂಗಾಲು ಬೇಕು. ನಲವತ್ತು ವರ್ಷ ಕುರ್ಚಿಯ ಕೆಳಗೆ ವಿಶ್ರಮಿಸಿದ ನಮ್ಮ ಪಾದಗಳಿಗೆ ರಕ್ಷೆ ಬೇಕೇ ಬೇಕು.

ಓಟದ ಶೂ ಮೂರು ಭಾಗಗಳ ಸೇರಿಕೆ. ಪಾದವನ್ನು ಸುತ್ತುವ ಮೇಲ್ಬಟ್ಟೆ, ನೆಲ ಹಿಡಿಯುವ ರಬ್ಬರ್ ಅಟ್ಟೆ, ಎರಡರ ನಡುವೆ ಒತ್ತಿದರೆ ಕುಗ್ಗಿ ಮತ್ತೆ ಹಿಗ್ಗುವ ಫೋಮ್. ಹಿಮ್ಮಡಿಯ ಕೆಳಗಿನ ದಪ್ಪಕ್ಕೂ ಬೆರಳುಗಳ ಕೆಳಗಿನ ದಪ್ಪಕ್ಕೂ ಇರುವ ವ್ಯತ್ಯಾಸವನ್ನು ‘ಡ್ರಾಪ್’ ಎನ್ನುತ್ತಾರೆ. ಸಾಮಾನ್ಯ ಶೂಗಳಲ್ಲಿ ಅದು 8ರಿಂದ 12 ಮಿಲಿಮೀಟರ್. ಅದು ಕಡಿಮೆಯಾದಂತೆ ಭಾರ ಮೀನಖಂಡ ಮತ್ತು ಹಿಮ್ಮಡಿಯ ಸ್ನಾಯುರಜ್ಜುವಿನತ್ತ ಸರಿಯುತ್ತದೆ, ಹೆಚ್ಚಾದಂತೆ ಮಂಡಿಯತ್ತ. ಆದ್ದರಿಂದ ಇದ್ದಕ್ಕಿದ್ದಂತೆ ತೀರಾ ಚಪ್ಪಟೆಯಾದ ಶೂಗೆ ಬದಲಾಯಿಸುವುದು ಹಿಮ್ಮಡಿಗೆ ಒಳ್ಳೆಯದಲ್ಲ.

ಬಹುಕಾಲ ಅಂಗಡಿಗಳಲ್ಲಿ ಒದ್ದೆ ಪಾದದ ಗುರುತು ನೋಡಿ, ಚಪ್ಪಟೆ ಪಾದಕ್ಕೆ ಇಂಥ ಶೂ, ಕಮಾನು ಪಾದಕ್ಕೆ ಅಂಥ ಶೂ ಎಂದು ವಿಂಗಡಿಸುವ ಪದ್ಧತಿಯಿತ್ತು. ಅಮೆರಿಕದ ಸೇನೆ, ವಾಯುಪಡೆ ಮತ್ತು ಮರೀನ್ ದಳಗಳ ಸಾವಿರಾರು ಹೊಸ ಸೈನಿಕರ ಮೇಲೆ ಇದನ್ನು ಪರೀಕ್ಷಿಸಿದಾಗ, ಪಾದದ ಆಕಾರ ನೋಡಿ ಶೂ ಕೊಟ್ಟವರಿಗೂ ಎಲ್ಲರಿಗೂ ಒಂದೇ ಬಗೆಯದನ್ನು ಕೊಟ್ಟವರಿಗೂ ಗಾಯದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕೆನಡಾದ ಚಲನವಿಜ್ಞಾನಿ ಬೆನ್ನೊ ನಿಗ್ ಮತ್ತು ಸಂಗಡಿಗರು 2015ರಲ್ಲಿ ಮಂಡಿಸಿದ ವಾದ ನಮ್ಮ ಅಜ್ಜಿಯರಿಗೆ ಗೊತ್ತಿದ್ದುದೇ: ಕಾಲಿಗೆ ಹಿತವೆನಿಸುವುದೇ ಕಾಲಿಗೆ ಸರಿಯಾದ ಶೂ. ಎಲ್ಲಿ ಕಚ್ಚುತ್ತದೆ ಎಂಬುದು ಮೆಟ್ಟಿದವರಿಗೆ ಮಾತ್ರ ಗೊತ್ತು.

ಇಲ್ಲಿ ನಮ್ಮ ನಾಡಿನದೊಂದು ಕೊಡುಗೆಯನ್ನು ನೆನೆಯಬೇಕು. ಕರಾವಳಿಯ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಮೂಳೆತಜ್ಞರಾದ ರಾವ್ ಮತ್ತು ಜೋಸೆಫ್ 2,300 ಮಕ್ಕಳ ಹೆಜ್ಜೆಗುರುತುಗಳನ್ನು ಪರಿಶೀಲಿಸಿ 1992ರಲ್ಲಿ ಬ್ರಿಟನ್ನಿನ ಮೂಳೆಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವನ್ನು ಜಗತ್ತಿನ ತಜ್ಞರು ಇಂದಿಗೂ ಉಲ್ಲೇಖಿಸುತ್ತಾರೆ. ಪಾದರಕ್ಷೆ ಧರಿಸುವ ಮಕ್ಕಳಲ್ಲಿ ಶೇ. 8.6ರಷ್ಟು ಮಂದಿಗೆ ಚಪ್ಪಟೆ ಪಾದವಿದ್ದರೆ, ಬರಿಗಾಲಿನ ಮಕ್ಕಳಲ್ಲಿ ಅದು ಶೇ. 2.8 ಮಾತ್ರ. ಮುಂಭಾಗ ಮುಚ್ಚಿದ ಶೂ ಹಾಕುವವರಲ್ಲಿ ಅತಿ ಹೆಚ್ಚು, ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ. ಬರಿಗಾಲಿನಲ್ಲಿ, ಚಪ್ಪಲಿಯಲ್ಲಿ ಬೆಳೆದ ಪಾದದ ಬೆರಳುಗಳು ಅಗಲವಾಗಿ ಹರಡಿಕೊಂಡಿರುತ್ತವೆ. ಇಲ್ಲಿನ ಕಿರಿದಾದ ಶೂಗಳಲ್ಲಿ ಅವು ಇಕ್ಕಟ್ಟಿಗೆ ಸಿಲುಕಿದರೆ ಅದು ಪಾದದ ತಪ್ಪಲ್ಲ. ಅಂಗಡಿಯಲ್ಲಿ ಸಂಕೋಚಪಡದೆ ‘ವೈಡ್ ಫಿಟ್’ ಕೇಳಿ.

ಕೊಳ್ಳುವಾಗ ನೆನಪಿಡಬೇಕಾದದ್ದು ಇಷ್ಟೇ. ಸಂಜೆಯ ವೇಳೆ ಹೋಗಿ. ದಿನವಿಡೀ ನಿಂತ, ನಡೆದ ಪಾದ ಆಗ ತುಸು ಊದಿರುತ್ತದೆ, ಓಡುವಾಗಲೂ ಅದು ಊದುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಲಿ, ಹಿಮ್ಮಡಿ ಜಾರದಿರಲಿ. ಎರಡು ಪಾದ ಒಂದೇ ಅಳತೆಯಿರಬೇಕೆಂದಿಲ್ಲ, ದೊಡ್ಡದಕ್ಕೆ ಹೊಂದುವುದನ್ನು ಆರಿಸಿ. ಓಟದ ಶೂಗಳನ್ನೇ ಮಾರುವ ಅಂಗಡಿಗಳಲ್ಲಿ ಒಂದೆರಡು ನಿಮಿಷ ಓಡಿ ನೋಡಲು ಬಿಡುತ್ತಾರೆ, ನಾಚದೆ ಓಡಿ. ‘ನಾಲ್ಕು ದಿನ ಹಾಕಿದರೆ ಹಿಗ್ಗುತ್ತದೆ’ ಎಂಬ ಮಾತು ಚರ್ಮದ ಚಪ್ಪಲಿಗೆ ಸರಿ, ಓಟದ ಶೂಗೆ ಸಲ್ಲದು. ಕಳೆದ ವರ್ಷದ ಮಾದರಿ ಅಗ್ಗವಾಗಿ ಸಿಗುತ್ತದೆ, ಅದೇ ಸಾಕು. ದಾಖಲೆ ಮುರಿಯುವವರಿಗಾಗಿ ಇಂಗಾಲದ ಫಲಕ ಹುದುಗಿಸಿದ ದುಬಾರಿ ಶೂಗಳು ನಮ್ಮಂಥವರಿಗೆ ಬೇಕಿಲ್ಲ.

ಸುಮಾರು 500ರಿಂದ 800 ಕಿಲೋಮೀಟರ್ ಆದ ಮೇಲೆ ಫೋಮ್ ತನ್ನ ಪುಟಿತ ಕಳೆದುಕೊಳ್ಳುತ್ತದೆ. ವಾರಕ್ಕೆ 15 ಕಿಲೋಮೀಟರ್ ಓಡುವವರಿಗೆ ಅದು ಎಂಟು ತಿಂಗಳಿಂದ ಒಂದು ವರ್ಷ. ಹೊರಗೆ ಹೊಳೆಯುತ್ತಿದ್ದರೂ ಒಳಗೆ ಸತ್ತಿರಬಹುದು. ಕಾಲಿನಲ್ಲಿ ಹೊಸ ನೋವುಗಳು ಕಾಣಿಸಿಕೊಂಡರೆ ಅದನ್ನು ಶಂಕಿಸಿ. ಹೊರಡಲು ಸಿದ್ಧರಾಗುತ್ತಿರುವ ಯುವಕರು ‘ಶೂ ಊರಿನಿಂದಲೇ ತರಬೇಕೇ?’ ಎಂದು ಕೇಳುತ್ತಾರೆ. ಈಗಾಗಲೇ ಓಡುತ್ತಿರುವ, ಕಾಲಿಗೆ ಒಗ್ಗಿದ ಜೋಡಿಯನ್ನು ತನ್ನಿ. ಹೊಸದನ್ನು ಇಲ್ಲಿನ ನೆಲ ನೋಡಿ ಕೊಳ್ಳಿ. ಭಾರತದಲ್ಲಿ ಬಹುತೇಕ ಶೂಗಳ ಮೇಲಿರುವುದು ಬ್ರಿಟನ್ನಿನ ಸಂಖ್ಯೆಯೇ ಆದ್ದರಿಂದ ಹುಡುಕುವುದು ಕಷ್ಟವಲ್ಲ. ಆದರೆ ಒಂದು ಕಂಪನಿಯ ಎಂಟು ಇನ್ನೊಂದರ ಎಂಟಲ್ಲ. ಚಳಿಗಾಲದ ಒದ್ದೆ ಎಲೆ, ಕೆಸರುಗಳಿಗೆ ಅಟ್ಟೆಯಲ್ಲಿ ಹಿಡಿತ ಬೇಕು. ಕತ್ತಲಲ್ಲಿ ಬೆಳಕು ಮರಳಿಸುವ ಮೇಲಂಗಿ, ತಲೆಗೊಂದು ದೀಪ ಶೂವಿಗಿಂತ ಮುಖ್ಯ. ಮಂಜುಗಡ್ಡೆ ಕಟ್ಟಿದ ದಿನ ಓಡದಿರುವುದೇ ಜಾಣತನ.

ಶೂ ನಿಜಕ್ಕೂ ಪ್ರಾಣದ ಪ್ರಶ್ನೆಯಾಗುವುದು ಒಂದು ಕಡೆ ಮಾತ್ರ. ಹಲವು ವರ್ಷಗಳ ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಶೂ ಕಚ್ಚಿದ್ದು ಗೊತ್ತಾಗುವುದೇ ಇಲ್ಲ. ಒಳಗೆ ಬಿದ್ದ ಒಂದು ಹರಳು ಹುಣ್ಣಾಗಿ, ಹುಣ್ಣು ಕೊಳೆತು, ಬೆರಳನ್ನೇ ಕತ್ತರಿಸುವಂತಾಗುವುದನ್ನು ವೈದ್ಯರಾದ ನಾವು ಎರಡೂ ದೇಶಗಳಲ್ಲಿ ನೋಡುತ್ತೇವೆ. ಅಂಥವರು ಓಟದ ಬದಲು ನಡಿಗೆ ಅಥವಾ ಸೈಕಲ್ಲಿನ ಬಗ್ಗೆ ವೈದ್ಯರೊಡನೆ ಮಾತನಾಡಬೇಕು. ಹಾಕುವ ಮುನ್ನ ಶೂ ಒಳಗೆ ಕೈಯಾಡಿಸಿ ನೋಡಬೇಕು, ರಾತ್ರಿ ಮಲಗುವ ಮುನ್ನ ಅಂಗಾಲು ನೋಡಿಕೊಳ್ಳಬೇಕು. ಊರಿನಲ್ಲಿರುವ ಅಪ್ಪ ಅಮ್ಮಂದಿರಿಗೆ ಉಡುಗೊರೆಯಾಗಿ ಶೂ ಕಳಿಸುವ ಮಕ್ಕಳು ಜೊತೆಗೆ ಈ ಎರಡು ಮಾತುಗಳನ್ನೂ ಕಳಿಸಲಿ.

ಊರಿನಲ್ಲಿರುವ ಬಂಧುಗಳಲ್ಲಿ ನನ್ನದೊಂದು ಕೋರಿಕೆ. ಇಂಗ್ಲೆಂಡಿನಲ್ಲಿ ಶನಿವಾರ ಬೆಳಗ್ಗೆ ಒಂಬತ್ತೆಂದರೆ ನಿಮಗೆ ಬೇಸಿಗೆಯಲ್ಲಿ ಮಧ್ಯಾಹ್ನ ಒಂದೂವರೆ, ಚಳಿಗಾಲದಲ್ಲಿ ಎರಡೂವರೆ. ವಾರದ ಫೋನನ್ನು ಅದರ ಒಂದು ಗಂಟೆಯ ನಂತರಕ್ಕೆ ಇಟ್ಟುಕೊಳ್ಳಿ. ‘ಊಟ ಆಯಿತಾ?’ ಎಂದು ಕೇಳುವ ಮುಂಚೆ ‘ಇವತ್ತು ಓಡಿದೆಯಾ?’ ಎಂದು ಕೇಳಿ. ಐದು ಸಾವಿರ ಮೈಲಿ ದೂರದಲ್ಲಿ ಅದನ್ನು ಕೇಳುವವರಿದ್ದಾರೆ ಎಂದು ಗೊತ್ತಿದ್ದರೆ, ಮಳೆ ಸುರಿಯುವ ಬೆಳಗಿನಲ್ಲಿಯೂ ನಿಮ್ಮ ಮಗ, ಮಗಳು ಹಾಸಿಗೆಯಿಂದೆದ್ದು ಶೂಗಳ ದಾರ ಕಟ್ಟಿಕೊಳ್ಳುತ್ತಾರೆ.